ಕೆಜಿಎಫ್‌ನ ‘ಚಿನ್ನವತ್ತು ದೊರೆ’ ಯಾವ ಊರಿನವರು? ಒಂದು ಸರ್‌ನೇಮ್ ಬಗ್ಗೆ ಸಹಾಯ ಬೇಕು

ಸುಶೀಲಾ_ಮಾರಿಕುಪ್ಪಂ:

ಎಲ್ಲರಿಗೂ ನಮಸ್ಕಾರ. ನಾನು ಕೆಜಿಎಫ್‌ನ ಮಾರಿಕುಪ್ಪಂನಲ್ಲಿ ಹುಟ್ಟಿ ಬೆಳೆದವಳು. ಪ್ರೈಮರಿ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿ ಈಗ ನಿವೃತ್ತಿ ಆಗಿದೆ. ಮಗನ ಜೊತೆ ಬೆಂಗಳೂರಿನಲ್ಲಿದ್ದೇನೆ.

ಹೋದ ತಿಂಗಳು ಊರಿನ ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ಒಂದು ತಗಡಿನ ಡಬ್ಬಿ ಸಿಕ್ಕಿತು. ಮೊಟ್ಟೆಯಾಕಾರ, ಎರಡು ಅಂತಸ್ತು. ಕೆಳಗೆ ಟೀ, ಮೇಲೆ ತಿಂಡಿ ಇಟ್ಟುಕೊಳ್ಳುವಂಥದ್ದು. ಅಜ್ಜಿ ಅದರಲ್ಲಿ ಸೂಜಿ, ಗುಂಡಿ ಇಡುತ್ತಿದ್ದಳು. ಹುಣಸೆಹಣ್ಣು ಹಾಕಿ ಉಜ್ಜಿದಾಗ ಮುಚ್ಚಳದ ಮೇಲೆ ಮೊಳೆಯಲ್ಲಿ ಕೆತ್ತಿದ ಇಂಗ್ಲಿಷ್ ಅಕ್ಷರ ಕಾಣಿಸಿತು. ಮೇಲಿನ ಸಾಲು: ಸಿ, ಎಚ್, ಇ, ಎನ್, ಒ, ಡಬ್ಲ್ಯೂ, ಇ, ಟಿ, ಎಚ್. ಕೆಳಗಿನ ಸಾಲು: ಜಿ, ಡಬ್ಲ್ಯೂ, ಇ, ಎನ್, ಎನ್, ಎ, ಪಿ.

ಇದು ನಮ್ಮ ತಾತನ ‘ಚಿನ್ನವತ್ತು ದೊರೆ’ಯ ಡಬ್ಬಿ. ತಾತ ಬೇತಮಂಗಲದ ಪಕ್ಕದ ಹಳ್ಳಿಯಿಂದ ಗಣಿಗೆ ಬಂದವರು. ಈ ದೊರೆಯ ಕೈಕೆಳಗೆ, ಗಣಿಯೊಳಗೆ ಕಲ್ಲು ಕುಸಿಯದಂತೆ ಮರ ಕಟ್ಟುವ ಕೆಲಸ ಮಾಡುತ್ತಿದ್ದರು. ದೊರೆ ಊರು ಬಿಟ್ಟು ಹೋಗುವಾಗ ಡಬ್ಬಿಯನ್ನು ತಾತನ ಕೈಗೆ ಕೊಟ್ಟು ಹೋದರಂತೆ. ಚಿನ್ನದ ಗಣಿಗೆ ಬಂದದ್ದಕ್ಕೇ ಅವರಿಗೆ ಚಿನ್ನವತ್ತು ಅಂತ ಹೆಸರು ಬಂದಿರಬೇಕು ಅಂತ ತಾತ ನಂಬಿದ್ದರು. ನಮಗೂ ಹಾಗೇ ಹೇಳಿಕೊಟ್ಟರು. ಐವತ್ತು ವರ್ಷ ನಾನೂ ನಂಬಿದ್ದೆ. ಈಗ ನೋಡಿದರೆ ಅದು ಅವರ ಸರ್‌ನೇಮ್. ಅಲ್ವಾ?

ನನಗೆ ತಿಳಿಯಬೇಕಾದದ್ದು ಇಷ್ಟು. ಈ ಹೆಸರಿನ ಅರ್ಥ ಏನು? ಇವರು ಎಲ್ಲಿಂದ ಬಂದವರು? ಎರಡನೇ ಸಾಲಿನಲ್ಲಿರುವುದು ಅವರ ಹೆಂಡತಿಯ ಹೆಸರಾ? ಇನ್ನೊಂದು ಮಾತು. ದೊರೆ ಮಿಲಿಟರಿಯವರಲ್ಲ, ಆದರೂ ಎಲ್ಲರೂ ‘ಕ್ಯಾಪ್ಟನ್’ ಅನ್ನುತ್ತಿದ್ದರು ಅಂತ ತಾತ ಹೇಳುತ್ತಿದ್ದರು. ಅದು ಯಾಕೆ?

ತಾತನಿಗೆ ಗಣಿಯ ಪುಸ್ತಕದಲ್ಲಿ ಸರ್‌ನೇಮ್ ಇರಲಿಲ್ಲ. ನಂಬರ್ ಇತ್ತು, ಅಷ್ಟೇ. ಅದಕ್ಕೇ ಏನೋ, ಇನ್ನೊಬ್ಬರ ಸರ್‌ನೇಮ್ ಇಷ್ಟು ಸ್ಪಷ್ಟವಾಗಿ ಕೆತ್ತಿರುವುದನ್ನು ನೋಡಿದಾಗ ತಿಳಿದುಕೊಳ್ಳಲೇಬೇಕು ಅನ್ನಿಸಿತು.

ಗೀತಾ_ಹೊಸಮನಿ:

ಸುಶೀಲಾ ಮೇಡಂ, ನಿಮ್ಮ ಪೋಸ್ಟ್ ಓದಿ ಮೈ ಜುಮ್ ಅಂತು. ನಾನು ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನಲ್ಲಿ ನರ್ಸ್ ಆಗಿದ್ದೇನೆ. ಮನೆ ಇರುವುದು ರೆಡ್‌ರುತ್ ಅನ್ನುವ ಊರಿನಲ್ಲಿ. ನಿಮ್ಮ ಡಬ್ಬಿಯ ಎರಡನೇ ಸಾಲು ಹೆಂಡತಿಯ ಹೆಸರಲ್ಲ. ಗ್ವೆನ್ನಾಪ್ ಅಂದರೆ ಒಂದು ಊರು. ನಮ್ಮ ಮನೆಯಿಂದ ಕಾರಿನಲ್ಲಿ ಸ್ವಲ್ಪವೇ ದೂರ. ಆ ಊರಿನ ಬಗ್ಗೆ ಆಮೇಲೆ ಹೇಳುತ್ತೇನೆ, ಅದೇ ಮುಖ್ಯ. ಮೊದಲು ಹೆಸರು.

ನಾನು ಇಲ್ಲಿಗೆ ಬಂದ ಮೊದಲ ವಾರ ವಾರ್ಡಿನಲ್ಲಿ ನನಗೆ ಕೆಲಸ ತೋರಿಸಿಕೊಟ್ಟ ಸಿಸ್ಟರ್ ಬ್ಯಾಡ್ಜ್ ಮೇಲೆ ಇದೇ ಹೆಸರಿತ್ತು. ನಾನು ಅಮೆರಿಕದ ಸಿನಿಮಾದಲ್ಲಿ ಕೇಳಿದ ಹಾಗೆ ಮೊದಲ ಅಕ್ಷರ ಒತ್ತಿ ‘ಚೆನೊವೆತ್’ ಅಂದೆ. ಅವರು ತಿದ್ದಿದರು. ಇಲ್ಲಿನವರು ನಡುವಿನ ಅಕ್ಷರಕ್ಕೆ ಒತ್ತು ಕೊಟ್ಟು ‘ಚಿನೌವೆತ್’ ಅನ್ನುತ್ತಾರೆ. ನಿಮ್ಮ ತಾತ ‘ಚಿನ್ನವತ್ತು’ ಅಂದರಲ್ಲ, ಅದು ಅಮೆರಿಕದವರು ಹೇಳುವುದಕ್ಕಿಂತ ಇಲ್ಲಿನ ಉಚ್ಚಾರಕ್ಕೇ ಹತ್ತಿರ. ತಾತ ಕಿವಿಯಲ್ಲಿ ಕೇಳಿದ್ದನ್ನೇ ಹೇಳಿದ್ದಾರೆ.

ಇದು ಇಂಗ್ಲಿಷ್ ಹೆಸರಲ್ಲ. ಕಾರ್ನ್‌ವಾಲ್‌ಗೆ ಅದರದೇ ಭಾಷೆ ಇತ್ತು, ಕಾರ್ನಿಶ್ ಅಂತ. ವೇಲ್ಸ್‌ನ ವೆಲ್ಶ್‌ಗೂ ಫ್ರಾನ್ಸಿನ ಬ್ರೆಟನ್‌ಗೂ ಅದು ಅಕ್ಕತಂಗಿ. ಇಂಗ್ಲಿಷ್ ಅದನ್ನು ಪೂರ್ವದಿಂದ ಪಶ್ಚಿಮಕ್ಕೆ ತಳ್ಳುತ್ತಾ ಹೋಗಿ ಕೊನೆಗೆ ಸಮುದ್ರದ ಅಂಚಿಗೆ ನಿಲ್ಲಿಸಿತು. ಮೌಸ್‌ಹೋಲ್ ಅನ್ನುವ ಮೀನುಗಾರರ ಊರಿನ ಡಾಲಿ ಪೆಂಟ್ರೀತ್ ಅನ್ನುವ ಅಜ್ಜಿ 1777ರಲ್ಲಿ ತೀರಿಕೊಂಡಳು. ಆ ಭಾಷೆಯನ್ನು ತಾಯ್ನುಡಿಯಾಗಿ ಆಡಿದ ಕೊನೆಯವಳು ಅವಳೇ ಅಂತ ಜನ ಹೇಳುತ್ತಾರೆ. 1904ರಲ್ಲಿ ಹೆನ್ರಿ ಜೆನ್ನರ್ ಅನ್ನುವವರು ವ್ಯಾಕರಣದ ಪುಸ್ತಕ ಬರೆದು ಮತ್ತೆ ಜೀವ ಕೊಟ್ಟರು. ಈಗ ರಸ್ತೆಯ ಫಲಕದ ಮೇಲೂ ಕಾರ್ನಿಶ್ ಇದೆ. ಆದರೆ ನಡುವೆ ಮಾತು ಸತ್ತಿದ್ದಾಗಲೂ ಹೆಸರುಗಳು ಸಾಯಲಿಲ್ಲ. ಅರ್ಥ ಗೊತ್ತಿಲ್ಲದೇ ಜನ ಆ ಹೆಸರುಗಳನ್ನು ಹೊತ್ತುಕೊಂಡು ಬಂದರು.

‘ಚೀ’ ಅಂದರೆ ಮನೆ. ‘ನೋವೆತ್’ ಅಂದರೆ ಹೊಸದು. ಇಲ್ಲಿ ಗುಣವಾಚಕ ಹಿಂದೆ ಬರುತ್ತದೆ, ‘ಮನೆ ಹೊಸ’ ಅಂದ ಹಾಗೆ. ಚಿನೌವೆತ್ ಅಂದರೆ ಹೊಸಮನೆ.

ಮೇಡಂ, ನನ್ನ ಸರ್‌ನೇಮ್ ನೋಡಿ. ನಮ್ಮದು ಹಾವೇರಿ ಜಿಲ್ಲೆ, ಬ್ಯಾಡಗಿ ಹತ್ತಿರದ ಹಳ್ಳಿ. ನಮ್ಮ ಮುತ್ತಜ್ಜನ ಅಪ್ಪ ಊರಿನ ಹೊರಗೆ ಹೊಸದಾಗಿ ಮನೆ ಕಟ್ಟಿದರು. ಅಲ್ಲಿಂದ ನಾವು ಹೊಸಮನಿಯವರು. ನಾನು ಪಾಸ್‌ಪೋರ್ಟ್ ತೆಗೆದು ಸಿಸ್ಟರ್‌ಗೆ ತೋರಿಸಿ ನನ್ನ ಹೆಸರಿನ ಅರ್ಥ ಹೇಳಿದೆ. ಅವರು ಒಂದು ನಿಮಿಷ ಸುಮ್ಮನೆ ನನ್ನ ಮುಖ ನೋಡಿದರು. ಆಮೇಲೆ ‘ಹಾಗಾದರೆ ನಿನ್ನ ಹೆಸರು ಹೇಳುವುದು ನನಗೆ ಸುಲಭ’ ಅಂದರು. ಮನೆ ಬಿಟ್ಟು ಬಂದ ಮೊದಲ ವಾರದಲ್ಲಿ ಆ ಒಂದು ಮಾತು ನನಗೆ ಎಷ್ಟು ಧೈರ್ಯ ಕೊಟ್ಟಿತು ಅಂತ ಹೇಳಲಾರೆ.

ಆಮೇಲೆ ನನಗೆ ಇದೇ ಹುಚ್ಚು ಹಿಡಿಯಿತು. ಫೈಲಿನ ಮೇಲಿನ ಹೆಸರುಗಳನ್ನೆಲ್ಲ ಕನ್ನಡಕ್ಕೆ ತಿರುಗಿಸಿ ನೋಡುತ್ತಿದ್ದೆ. ‘ತ್ರೆ’ ಅಂದರೆ ಹಳ್ಳಿ, ಒಕ್ಕಲುಮನೆ. ಹಾಗಾಗಿ ಟ್ರೆನೋವೆತ್ ನಮ್ಮ ಹೊಸೂರು. ಚೆಗ್ವಿಡನ್ ಅಂದರೆ ಬಿಳಿಮನೆ. ಆಂಗೋವ್ ಅಂದರೆ ಕಮ್ಮಾರ. ಟಯಾಕ್ ಅಂದರೆ ಒಕ್ಕಲಿಗ. ‘ಪೋಲ್’ ಅಂದರೆ ಕೊಳ, ‘ಪೆನ್’ ಅಂದರೆ ತಲೆ ಅಥವಾ ತುದಿ. ತ್ರೆ, ಪೋಲ್, ಪೆನ್ ಇದ್ದರೆ ಅವನು ಕಾರ್ನ್‌ವಾಲ್‌ನವನು ಅಂತ ಒಂದು ಹಳೇ ನುಡಿಯಿದೆ. ರಿಚರ್ಡ್ ಕ್ಯಾರ್ಯೂ ಅನ್ನುವವರು 1602ರಲ್ಲೇ ಅದನ್ನು ಬರೆದಿಟ್ಟಿದ್ದಾರೆ. ನಾನಿರುವ ರೆಡ್‌ರುತ್‌ನಲ್ಲಿ ‘ರೆಡ್’ ಕೆಂಪಲ್ಲ! ಅದು ನದಿ ದಾಟುವ ಜಾಗ. ‘ರುತ್’ ಕೆಂಪು. ಬಂದು ಒಂದು ವರ್ಷ ನಾನು ಉಲ್ಟಾ ತಿಳಿದುಕೊಂಡಿದ್ದೆ.

ಈಗ ಒಂದು ಎಚ್ಚರಿಕೆ. ಹೊಸಮನಿಯವರೆಲ್ಲ ನನ್ನ ನೆಂಟರಲ್ಲ. ಧಾರವಾಡದ ಕಡೆ ಇದ್ದಾರೆ, ಗದಗದ ಕಡೆ ಇದ್ದಾರೆ, ಜಾತಿಯೂ ಬೇರೆ ಬೇರೆ. ಯಾರು ಎಲ್ಲಿ ಹೊಸ ಮನೆ ಕಟ್ಟಿದರೋ ಅಲ್ಲಿ ಒಬ್ಬ ಹೊಸಮನಿ ಹುಟ್ಟಿದ. ಇಲ್ಲೂ ಹಾಗೇ. ಚಿನೌವೆತ್ ಅನ್ನುವ ಜಾಗ ಕಾರ್ನ್‌ವಾಲ್‌ನಲ್ಲಿ ಒಂದಲ್ಲ, ಹಲವು. ಪಶ್ಚಿಮದ ಕಡೆ 1500ರ ದಶಕಗಳವರೆಗೂ ಸರ್‌ನೇಮ್ ಗಟ್ಟಿಯಾಗಿ ನಿಂತಿರಲಿಲ್ಲ. ಒಬ್ಬ ಆ ಹೊಲಮನೆ ಬಿಟ್ಟು ಈ ಹೊಲಮನೆಗೆ ಬಂದರೆ ಹೆಸರೂ ಬದಲಾಗುತ್ತಿತ್ತು. ಒಂದೇ ತಾಯಿಯ ಮಕ್ಕಳಿಗೆ ಬೇರೆ ಬೇರೆ ಸರ್‌ನೇಮ್ ಇರಬಹುದಿತ್ತು. ಆಮೇಲೆ ಬರೆಯುವವರು ಮನಸ್ಸಿಗೆ ಬಂದಂತೆ ಬರೆದರು. ಚೆನೊವೆತ್, ಚೈನೊವೆತ್, ಚಿನೊವೆತ್, ಚೆನೊವಿತ್ ಎಲ್ಲ ಒಂದೇ ಮಾತು.

ಅದಕ್ಕೇ ಬರೀ ಸರ್‌ನೇಮ್ ಹಿಡಿದು ಹೊರಟರೆ ದಾರಿ ತಪ್ಪುತ್ತದೆ. ನಿಮ್ಮ ದೊರೆ ಊರಿನ ಹೆಸರನ್ನೂ ಕೆತ್ತಿ ನಿಮಗೆ ದೊಡ್ಡ ಉಪಕಾರ ಮಾಡಿದ್ದಾರೆ. ಡ್ಯೂಟಿಗೆ ಹೊತ್ತಾಯಿತು. ರಾತ್ರಿ ಗ್ವೆನ್ನಾಪ್ ಬಗ್ಗೆ ಬರೆಯುತ್ತೇನೆ.

ಊರಿಗಾಂ_ಸರ್ವೇಯರ್:

ಸುಶೀಲಮ್ಮ, ನಾನು 1974ರಿಂದ 2001ರ ಫೆಬ್ರವರಿ 28ರವರೆಗೆ, ಅಂದರೆ ಗಣಿ ಮುಚ್ಚಿದ ದಿನದವರೆಗೆ ಸರ್ವೇ ವಿಭಾಗದಲ್ಲಿದ್ದವನು. ‘ಕ್ಯಾಪ್ಟನ್’ ಪ್ರಶ್ನೆಗೆ ನಾನು ಉತ್ತರ ಕೊಡಬಲ್ಲೆ.

ಮಿಲಿಟರಿಗೂ ಅದಕ್ಕೂ ಸಂಬಂಧವಿಲ್ಲ. ಕಾರ್ನ್‌ವಾಲ್‌ನ ಗಣಿಗಳಲ್ಲಿ ಒಳಗಿನ ಕೆಲಸ ನೋಡಿಕೊಳ್ಳುವ ಮೇಲಾಳನ್ನು ‘ಮೈನ್ ಕ್ಯಾಪ್ಟನ್’ ಅನ್ನುತ್ತಿದ್ದರು. ಓದಿಗಿಂತ ಅನುಭವ ನೋಡಿ ಕೊಡುವ ಪದವಿ ಅದು. ಹತ್ತು ಹನ್ನೆರಡು ವಯಸ್ಸಿಗೇ ಗಣಿಗೆ ಇಳಿದು, ಕಲ್ಲನ್ನು ನೋಡಿ, ತಟ್ಟಿ, ಅದಿರು ಎತ್ತ ಓಡಿದೆ ಅಂತ ಹೇಳುವ ಗಂಡಸಿಗೆ ಆ ಗೌರವ. ಆ ಮಾತು ಅವರ ಜೊತೆ ನಮ್ಮೂರಿಗೂ ಬಂತು.

ಕೋಲಾರಕ್ಕೂ ಕಾರ್ನ್‌ವಾಲ್‌ಗೂ ನಂಟು ಬೆಸೆದದ್ದು ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ. ಮೈಕೆಲ್ ಲವೆಲ್ ಅನ್ನುವ ಐರಿಶ್ ಮಾಜಿ ಸೈನಿಕ 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿ 1875ರಲ್ಲಿ ಲೈಸೆನ್ಸ್ ತೆಗೆದುಕೊಂಡ. ಅವನ ಕೈಯಲ್ಲಿ ಹಣವಿರಲಿಲ್ಲ. 1880ರಲ್ಲಿ ಟೇಲರ್ ಕಂಪನಿ ಬಂತು. ಆದರೂ ಮೊದಲು ಏನೂ ಗಿಟ್ಟಲಿಲ್ಲ. ದುಡ್ಡು ಮುಗಿಯುತ್ತಾ ಬಂತು, ಮುಚ್ಚಿಬಿಡೋಣ ಅಂತ ಶೇರುದಾರರು ಗಲಾಟೆ ಮಾಡಿದರು. ಆಗ ಕ್ಯಾಪ್ಟನ್ ಪ್ಲಮ್ಮರ್ ಅನ್ನುವವರನ್ನು ಕಳಿಸಿದರು. ಅವರು ಹೊಸ ಗುಂಡಿ ತೋಡುವುದರ ಬದಲು ನಮ್ಮ ಪೂರ್ವಿಕರು ತೋಡಿ ಬಿಟ್ಟಿದ್ದ ಹಳೇ ಗುಂಡಿಗಳನ್ನು ಹಿಡಿದು ಇನ್ನೂ ಕೆಳಕ್ಕೆ ಹೋದರು. ಚಾಂಪಿಯನ್ ರೀಫ್ ಸಿಕ್ಕಿತು. ಮುಂದಿನ ನೂರು ವರ್ಷ ಕೆಜಿಎಫ್ ಬದುಕಿದ್ದು ಆ ಒಂದು ಪದರದ ಮೇಲೆ. ನಮ್ಮ ಹಳಬರು ತೋಡಿದ ಗುಂಡಿಯೇ ದಾರಿ ತೋರಿಸಿತು. ಈ ಮಾತನ್ನು ನಾನು ಎಲ್ಲಿ ಹೋದರೂ ಹೇಳುತ್ತೇನೆ.

ಟೇಲರ್ ಕಂಪನಿಗೆ ಕಲ್ಲು ಬಲ್ಲ ಜನ ಬೇಕಾದಾಗ ಕಾರ್ನ್‌ವಾಲ್‌ನಿಂದ ಕರೆಸುವುದು ರೂಢಿ. ಇಟಲಿಯವರೂ ಬಂದರು, ಆದರೆ ಕ್ಯಾಪ್ಟನ್‌ಗಳ ಪೈಕಿ ಕಾರ್ನ್‌ವಾಲ್‌ನವರು ಜಾಸ್ತಿ. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಅವರು ಯಾರೂ ಉಳಿದಿರಲಿಲ್ಲ, ಆದರೆ ಅವರ ಮಾತು ಉಳಿದಿತ್ತು. ಸ್ಟೋಪ್ ಅಂದರೆ ಅದಿರು ಕಡಿಯುವ ಜಾಗ, ವಿಂಝ್ ಅಂದರೆ ಒಳಗಿನ ಒಂದು ಹಂತದಿಂದ ಕೆಳಗಿನ ಹಂತಕ್ಕೆ ಇಳಿಸಿದ ಬಾವಿ, ಕಿಬ್ಬಲ್ ಅಂದರೆ ಅದಿರು ಎತ್ತುವ ಬಕೆಟ್ಟು. ತಮಿಳು ಮಾತಾಡುವವರು, ತೆಲುಗಿನವರು, ಕನ್ನಡದವರು, ಎಲ್ಲರ ಬಾಯಲ್ಲೂ ಇವೇ. ಕಲ್ಲಿನೊಳಗೆ ಹರಳು ತುಂಬಿದ ಟೊಳ್ಳು ಸಿಕ್ಕರೆ ‘ವಗ್’ ಅನ್ನುತ್ತಿದ್ದೆವು. ಅದು ಕಾರ್ನಿಶ್ ಭಾಷೆಯದೇ ಪದ, ಗುಹೆ ಅಂತ ಅರ್ಥ. ಗೀತಮ್ಮ ಹೇಳಿದ ಹಾಗೆ ಅಲ್ಲಿ ಸತ್ತ ಭಾಷೆಯ ಒಂದು ಪದವನ್ನು ನಾವು ಚಾಂಪಿಯನ್ ರೀಫ್‌ನಲ್ಲಿ, ಬಂಡೆಯೇ 65 ಡಿಗ್ರಿ ಸುಡುವ ಆಳದಲ್ಲಿ, ದಿನಾ ಬಳಸುತ್ತಿದ್ದೆವು.

ಒಂದು ವಿಷಯ ಮಾತ್ರ ಮರೆಯಬಾರದು. ಅವರಿಗೆ ಬಂಗಲೆ, ಕ್ಲಬ್. ನಮ್ಮವರಿಗೆ ಕೂಲಿ ಲೈನ್, ಬಿದಿರು ತಟ್ಟಿಯ ಗುಡಿಸಲು. ಗಣಿಗೆ ಇಳಿಯುವ ಬಾವಿಗಳ, ಅಂದರೆ ಶಾಫ್ಟ್‌ಗಳ ಹೆಸರು ನೋಡಿ: ಗಿಫರ್ಡ್, ಹೆನ್ರಿ, ಎಡ್ಗರ್. ಒಂದಕ್ಕಾದರೂ ನಮ್ಮವರ ಹೆಸರಿದೆಯಾ? ನಿಮ್ಮ ತಾತನಿಗೆ ನಂಬರ್ ಇತ್ತು ಅಂದಿರಲ್ಲ, ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ನಮ್ಮ ತಂದೆಗೂ ನಂಬರೇ ಇದ್ದದ್ದು.

ಗೀತಾ_ಹೊಸಮನಿ:

ಸರ್, ಟೇಲರ್ ಹೆಸರು ಹೇಳಿ ಒಳ್ಳೆಯದು ಮಾಡಿದಿರಿ. ಗಂಟು ಬಿಚ್ಚುವುದು ಅಲ್ಲೇ.

ಗ್ವೆನ್ನಾಪ್ ಈಗ ಸಣ್ಣ ಹಳ್ಳಿ. ಮರದ ನಡುವೆ ಒಂದು ಚರ್ಚ್, ಅದರ ಗಂಟೆಯ ಗೋಪುರ ಚರ್ಚಿಗೆ ಅಂಟಿಕೊಳ್ಳದೆ ಬೇರೆಯಾಗಿ ನಿಂತಿದೆ. ಸುತ್ತ ಹಸಿರು ಹೊಲ. ನಡುನಡುವೆ ಏನೂ ಬೆಳೆಯದ ಬೋಳು ನೆಲ, ಕಲ್ಲಿನ ರಾಶಿ, ಮಾಡು ಹೋದ ಇಂಜಿನ್ ಮನೆ, ಪಕ್ಕದಲ್ಲಿ ಹೊಗೆಗೂಡು. ನಿಮ್ಮೂರಿನ ಸಯನೈಡ್ ದಿಬ್ಬಗಳನ್ನು, ಅಂದರೆ ಚಿನ್ನ ತೆಗೆದ ಮೇಲೆ ಸುರಿದ ಪುಡಿಯ ಗುಡ್ಡಗಳನ್ನು, ನಾನು ಫೋಟೋದಲ್ಲಷ್ಟೇ ನೋಡಿದ್ದೇನೆ. ಗಣಿ ತಿಂದು ಬಿಟ್ಟ ನೆಲ ಎಲ್ಲ ಕಡೆ ಒಂದೇ ತರ ಕಾಣುತ್ತದೆ ಅನ್ನಿಸುತ್ತದೆ. ಒಂದು ಕಾಲದಲ್ಲಿ ಈ ಊರಿನ ಅಡಿಯಲ್ಲಿದ್ದ ತಾಮ್ರಕ್ಕೆ ‘ಹಳೇ ಜಗತ್ತಿನ ಅತಿ ಶ್ರೀಮಂತ ಚದರ ಮೈಲಿ’ ಅಂತ ಹೆಸರು. ಗಣಿ ಕುಸಿದು ಆದ ಒಂದು ತಗ್ಗಿದೆ, ಗ್ವೆನ್ನಾಪ್ ಪಿಟ್ ಅಂತ. ಮೆಥಡಿಸ್ಟ್ ಅನ್ನುವ ಕ್ರೈಸ್ತ ಪಂಥ ಶುರುಮಾಡಿದ ಜಾನ್ ವೆಸ್ಲಿ 1762ರಿಂದ 1789ರ ನಡುವೆ ಅಲ್ಲಿ 18 ಸಲ ನಿಂತು ಬೋಧನೆ ಮಾಡಿದರು. ಈಗ ಸುತ್ತಲೂ ಹುಲ್ಲಿನ ಮೆಟ್ಟಿಲಿವೆ. ಗಣಿಯವರು ಮೆಥಡಿಸ್ಟ್ ಆದದ್ದು ಹೀಗೆ. ಹೋದ ದೇಶಕ್ಕೆಲ್ಲ ಆ ಪ್ರಾರ್ಥನೆಯನ್ನೂ ಒಯ್ದರು.

ಇಲ್ಲಿಯ ಕನ್ಸಾಲಿಡೇಟೆಡ್ ಮೈನ್ಸ್ ಅನ್ನುವ ಗಣಿಗಳ ಗುಂಪನ್ನು 1819ರಲ್ಲಿ ಮತ್ತೆ ತೆರೆದು ನಡೆಸಿದವರು ಯಾರು ಗೊತ್ತಾ? ಜಾನ್ ಟೇಲರ್. ನಿಮ್ಮ ಕೆಜಿಎಫ್ ಕಂಪನಿಯ ಮೂಲಪುರುಷ! ಐದೇ ವರ್ಷಕ್ಕೆ, 1824ರಲ್ಲಿ, ಅವರೇ ಮೆಕ್ಸಿಕೋದ ರಿಯಾಲ್ ಡೆಲ್ ಮಾಂಟೆ ಬೆಳ್ಳಿ ಗಣಿಗೆ ಕಂಪನಿ ಕಟ್ಟಿ ಕಾರ್ನ್‌ವಾಲ್‌ನವರನ್ನು ಕಳಿಸಿದರು. ಆ ಊರಿನಲ್ಲಿ ಇವತ್ತಿಗೂ ಕಾರ್ನ್‌ವಾಲ್‌ನ ‘ಪೇಸ್ಟಿ’ ಮಾಡಿ ಮಾರುತ್ತಾರೆ, ಒಳಗೆ ಮೆಣಸಿನಕಾಯಿ ಸೇರಿಸಿ. ಪೇಸ್ಟಿ ಅಂದರೆ ಮಾಂಸ, ಆಲೂಗಡ್ಡೆ ತುಂಬಿ ಅಂಚು ಮಡಿಚಿದ ದಪ್ಪ ಕರ್ಜಿಕಾಯಿಯಂಥದ್ದು, ಸಿಹಿ ಇಲ್ಲ, ಒಲೆಯಲ್ಲಿ ಬೇಯಿಸುತ್ತಾರೆ. ಗಣಿಯವರ ಬುತ್ತಿ ಅದೇ. ನಿಮ್ಮ ಡಬ್ಬಿಯ ಮೇಲಿನ ಅಂತಸ್ತಿನಲ್ಲಿ ಇದ್ದದ್ದು ಬಹುಶಃ ಅದೇ.

ಅಂದರೆ ಗ್ವೆನ್ನಾಪ್‌ನ ಮಗನಿಗೆ ಟೇಲರ್ ಹೆಸರು ಅಪರಿಚಿತವಲ್ಲ. ಅಜ್ಜನ ಕಾಲದಿಂದ ಮನೆಯಲ್ಲಿ ಕೇಳಿದ ಹೆಸರು. ಟೇಲರ್ ಕಂಪನಿ ಕೋಲಾರಕ್ಕೆ ಜನ ಬೇಕು ಅಂದಾಗ, ನಮ್ಮ ಕಡೆಯವರು ‘ನಮ್ಮೂರಿನವರು ಅಲ್ಲಿದ್ದಾರೆ’ ಅಂತ ಬೆಂಗಳೂರಿಗೆ ಬಂದ ಹಾಗೆ ಹಡಗು ಹತ್ತಿದ್ದಾರೆ.

ಯಾಕೆ ಹತ್ತಿದರು? 1866ರಲ್ಲಿ ತಾಮ್ರದ ಬೆಲೆ ಬಿತ್ತು. ಚಿಲಿಯಿಂದ, ಅಮೆರಿಕದ ಮಿಷಿಗನ್‌ನಿಂದ, ದಕ್ಷಿಣ ಆಸ್ಟ್ರೇಲಿಯದಿಂದ ಅಗ್ಗದ ತಾಮ್ರ ಬರುತ್ತಿತ್ತು. ಆ ಗಣಿಗಳಲ್ಲಿ ಕೆಲಸ ಕಲಿಸಿದವರೂ ಮೊದಲೇ ಹೋಗಿದ್ದ ಕಾರ್ನ್‌ವಾಲ್‌ನವರೇ. ಅದೇ ವರ್ಷ ಲಂಡನ್ನಿನಲ್ಲಿ ದೊಡ್ಡ ಬ್ಯಾಂಕೊಂದು ಮುಳುಗಿತು. ಗ್ವೆನ್ನಾಪ್ ಸುತ್ತಲ ಗಣಿಗಳು ಒಂದರ ಮೇಲೊಂದು ನಿಂತವು. 1870ರ ದಶಕದಲ್ಲಿ ತವರದ ಬೆಲೆಯೂ ಕುಸಿಯಿತು. 1861ರ ಜನಗಣತಿಯಲ್ಲಿ ಕಾರ್ನ್‌ವಾಲ್‌ನ ಜನಸಂಖ್ಯೆ ಸುಮಾರು 3.69 ಲಕ್ಷ. 1901ಕ್ಕೆ 3.22 ಲಕ್ಷ. ಇಂಗ್ಲೆಂಡಿನ ಬೇರೆ ಕಡೆ ಜನ ಉಕ್ಕಿ ಬೆಳೆದ ಕಾಲದಲ್ಲಿ ಇಲ್ಲಿ ಇಳಿಯಿತು. ಅಷ್ಟು ಜನ ಹೋದರು.

ದಕ್ಷಿಣ ಆಸ್ಟ್ರೇಲಿಯದಲ್ಲಿ ಬುರ್ರಾ, ಮೂಂಟಾ. ಅಮೆರಿಕದಲ್ಲಿ ವಿಸ್ಕಾನ್ಸಿನ್‌ನ ಮಿನರಲ್ ಪಾಯಿಂಟ್, ಕ್ಯಾಲಿಫೋರ್ನಿಯದ ಗ್ರಾಸ್ ವ್ಯಾಲಿ. 1886ರ ನಂತರ ಜೋಹಾನ್ಸ್‌ಬರ್ಗ್. ಹೋದ ಕಡೆಯಲ್ಲೆಲ್ಲ ಇವರಿಗೆ ‘ಕಸಿನ್ ಜ್ಯಾಕ್’ ಅಂತ ಅಡ್ಡಹೆಸರು. ಇನ್ನೊಬ್ಬ ಆಳು ಬೇಕು ಅಂದರೆ ಸಾಕು, ‘ಊರಿನಲ್ಲಿ ನಮ್ಮ ಕಸಿನ್ ಜ್ಯಾಕ್ ಇದ್ದಾನೆ, ಕರೆಸಲಾ?’ ಅನ್ನುತ್ತಿದ್ದರಂತೆ. ಗಂಡಸರು ಹೋದರು, ಹೆಂಗಸರು ಉಳಿದರು. ಹಳೇ ಜನಗಣತಿ ಹಾಳೆ ತೆಗೆದರೆ ಮನೆಮನೆಯಲ್ಲೂ ಯಜಮಾನಿಯ ಹೆಸರೇ ಮೊದಲು. ಗಂಡ ಹೊರದೇಶದಲ್ಲಿ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ತಿಂಗಳ ಹಣಕ್ಕೆ ಕಾಯುತ್ತಾ. ನಾನು ಇಲ್ಲಿ ಕೂತು ಪ್ರತಿ ತಿಂಗಳು ಬ್ಯಾಡಗಿಗೆ ದುಡ್ಡು ಕಳಿಸುವಾಗ ಆ ಹೆಂಗಸರ ನೆನಪು ಬರುತ್ತದೆ.

ಲೂಯಿವಿಲ್_ರಮೇಶ:

ಗೀತಾ ಅವರೇ, ನಾನು ಅಮೆರಿಕದ ಕೆಂಟಕಿಯಲ್ಲಿದ್ದೇನೆ. ಇಲ್ಲಿ ಚೆನೊವೆತ್ ಹೆಸರಿನ ರಸ್ತೆಗಳೇ ಇವೆ. ಇವರೂ ಗ್ವೆನ್ನಾಪ್ ಕಡೆಯವರಾ? ಇಲ್ಲಿ ಕೆಲವರು ತಮ್ಮ ಮೂಲಪುರುಷ, ಆಗ ಮೇರಿಲ್ಯಾಂಡ್‌ನ ಒಡೆಯನಾಗಿದ್ದ ಲಾರ್ಡ್ ಬಾಲ್ಟಿಮೋರ್ ಮಗಳನ್ನು ಮದುವೆಯಾಗಿದ್ದ ಅಂತ ಹೇಳುತ್ತಾರೆ.

ಗೀತಾ_ಹೊಸಮನಿ:

ಅವರು ಬೇರೆ, ರಮೇಶ್. ತುಂಬ ಹಿಂದೆ ಹೋದವರು, ಗಣಿಗಾಗಿ ಹೋದವರಲ್ಲ. ಅಮೆರಿಕದ ಚೆನೊವೆತ್‌ಗಳಲ್ಲಿ ಬಹಳಷ್ಟು ಜನ ಜಾನ್ ಚೆನೊವೆತ್ ಅನ್ನುವ ಒಬ್ಬನ ಸಂತಾನ. ಸೇಂಟ್ ಮಾರ್ಟಿನ್ ಅನ್ನುವ ಊರಿನವನು, ಲಿಜರ್ಡ್ ಅನ್ನುವ ಭೂಶಿರದ ಕಡೆ. ಕಮ್ಮಾರ. 1700ರ ದಶಕದ ಶುರುವಿನಲ್ಲಿ ಮೇರಿಲ್ಯಾಂಡ್‌ಗೆ ಹೋಗಿ, 1746ರಲ್ಲಿ ವರ್ಜೀನಿಯದಲ್ಲಿ ತೀರಿಕೊಂಡ. ಲಾರ್ಡ್ ಮಗಳ ಕತೆ ಆ ಮನೆತನದಲ್ಲಿ ತಲೆಮಾರುಗಳಿಂದ ಇದೆ, ದಾಖಲೆಯ ಆಧಾರ ಮಾತ್ರ ಇಲ್ಲ. ಕಮ್ಮಾರನೊಬ್ಬ ಸಮುದ್ರ ದಾಟಿ ಎರಡು ಕೈ ನಂಬಿ ಮನೆ ಕಟ್ಟಿದ ಅನ್ನುವುದು ಸಾಲದೇ? ನನಗಂತೂ ಅದೇ ದೊಡ್ಡದು ಅನ್ನಿಸುತ್ತದೆ. ನಿಮ್ಮ ಲೂಯಿವಿಲ್ ಹತ್ತಿರ 1789ರಲ್ಲಿ ಅಲ್ಲಿಯ ಮೂಲನಿವಾಸಿಗಳ ದಾಳಿಗೆ ಸಿಕ್ಕಿದ್ದು ಇದೇ ಮನೆತನದ ರಿಚರ್ಡ್ ಚೆನೊವೆತ್ ಕುಟುಂಬ. ಅವರ ಕಲ್ಲಿನ ನೀರಮನೆ, ಅಂದರೆ ಒರತೆಯ ಮೇಲೆ ಕಟ್ಟಿದ ಸಣ್ಣ ಮನೆ, ಇನ್ನೂ ನಿಂತಿದೆ, ಒಮ್ಮೆ ಹೋಗಿ ನೋಡಿ.

ಚರ್ಚ್_ರಿಜಿಸ್ಟರ್:

ನಾನು ಹವ್ಯಾಸಕ್ಕೆ ವಂಶಾವಳಿ ಹುಡುಕುವವನು. ಸುಶೀಲಾ ಅವರಿಗೆ ದಾರಿ ಹೇಳುತ್ತೇನೆ. ಎರಡು ತುದಿಯಿಂದ ಹುಡುಕಬೇಕು. ಇಂಗ್ಲೆಂಡಿನ ತುದಿಯಲ್ಲಿ ಚರ್ಚ್ ರಿಜಿಸ್ಟರ್ ಇಡಬೇಕೆಂಬ ಆಜ್ಞೆ 1538ರದು. ಸರ್ಕಾರಿ ಜನನ ಮರಣ ದಾಖಲೆ 1837ರಿಂದ. 1841ರಿಂದ 1921ರವರೆಗಿನ ಜನಗಣತಿಗಳಲ್ಲಿ ಹೆಸರು ಹಿಡಿದು ನೋಡಬಹುದು. ಗ್ವೆನ್ನಾಪ್ ದಾಖಲೆಗಳನ್ನು ಕಾರ್ನ್‌ವಾಲ್ ಆನ್‌ಲೈನ್ ಪ್ಯಾರಿಶ್ ಕ್ಲರ್ಕ್ಸ್ ಅನ್ನುವ ಸ್ವಯಂಸೇವಕರು ಪುಕ್ಕಟೆ ಹಾಕಿದ್ದಾರೆ. ಭಾರತದ ತುದಿಯಲ್ಲಿ, ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆ. ಕೆಜಿಎಫ್ ಮೈಸೂರು ಸಂಸ್ಥಾನದಲ್ಲಿದ್ದರೂ ಚರ್ಚಿನ ಲೆಕ್ಕ ಮದರಾಸಿಗೆ ಹೋಗುತ್ತಿತ್ತು. ಹಾಗಾಗಿ ಮದುವೆ, ನಾಮಕರಣ, ಸಮಾಧಿ ಬೇಕಾದರೆ ಮದರಾಸಿನ ಸಾಲಿನಲ್ಲಿ ನೋಡಿ, ಅದರ ಗುರುತು ಎನ್/2. ಮೈಸೂರು ಅಂತ ಹುಡುಕಿದರೆ ಕೈಗೆ ಸಿಗುವುದಿಲ್ಲ. ಅಕ್ಷರ ಬದಲಿಸಿ ಬದಲಿಸಿ ಹುಡುಕುವುದನ್ನು ಮರೆಯಬೇಡಿ.

ಗೀತಾ_ಹೊಸಮನಿ:

ರೆಡ್‌ರುತ್‌ನಲ್ಲೇ ಕ್ರೆಸೆನ್ ಕೆರ್ನೋ ಅಂತ ಕಾರ್ನ್‌ವಾಲ್‌ನ ದಾಖಲೆಗಳ ಕೇಂದ್ರ ಇದೆ. ಹಳೇ ಬಿಯರ್ ಕಾರ್ಖಾನೆಯನ್ನು ಸರಿಮಾಡಿ 2019ರಲ್ಲಿ ತೆರೆದರು. ನಮ್ಮ ಮನೆಯಿಂದ ನಡೆದು ಹೋಗಬಹುದು. ಮುಂದಿನ ವಾರ ನನಗೆ ಎರಡು ದಿನ ರಜೆ. ಗ್ವೆನ್ನಾಪ್‌ನ ಚಿನೌವೆತ್‌ಗಳನ್ನು ನಾನೇ ನೋಡಿ ಬರುತ್ತೇನೆ. ಮೇಡಂ, ದೊರೆ ಯಾವ ವರ್ಷ ಊರು ಬಿಟ್ಟರು ಅಂತ ಅಂದಾಜಿದ್ದರೆ ಹೇಳಿ.

ಇನ್ನೊಂದು. ಇಲ್ಲಿಯ ಕೊನೆಯ ತವರದ ಗಣಿ ಸೌತ್ ಕ್ರಾಫ್ಟಿ ಮುಚ್ಚಿದ್ದು 1998ರಲ್ಲಿ. ನಿಮ್ಮದು 2001. ನಾನು ಈ ವಿಷಯ ಹೇಳಿದಾಗ ನಮ್ಮ ಸಿಸ್ಟರ್ ‘ಗಣಿ ಮುಚ್ಚಿದ ಮೇಲೆ ಅಲ್ಲಿಯ ಜನ ಏನು ಮಾಡುತ್ತಾರೆ?’ ಅಂತ ಕೇಳಿದರು. ಅವರ ಅಪ್ಪ ಸೌತ್ ಕ್ರಾಫ್ಟಿಯಲ್ಲಿದ್ದವರು. ನನಗೆ ಉತ್ತರ ಗೊತ್ತಿರಲಿಲ್ಲ.

ಸುಶೀಲಾ_ಮಾರಿಕುಪ್ಪಂ:

ಗೀತಾ, ಸರ್ವೇಯರ್ ಸರ್, ಎಲ್ಲರಿಗೂ ತುಂಬ ಥ್ಯಾಂಕ್ಸ್. ಓದುತ್ತಾ ಓದುತ್ತಾ ಮೂರು ಸಲ ಕಣ್ಣು ಒರೆಸಿಕೊಂಡೆ. ತಾತ ಇದ್ದಿದ್ದರೆ ‘ಚಿನ್ನ ಅಲ್ಲ ತಾತ, ಹೊಸಮನೆ’ ಅಂತ ಹೇಳುತ್ತಿದ್ದೆ. ಅವರು ಒಪ್ಪುತ್ತಿದ್ದರೋ ಇಲ್ಲವೋ!

ಸಿಸ್ಟರ್ ಕೇಳಿದ ಪ್ರಶ್ನೆಗೆ ಉತ್ತರ ನಾನು ಕೊಡುತ್ತೇನೆ. ನಮ್ಮೂರಿನ ಜನ ಬೆಳಗಿನ ಜಾವದ ರೈಲು ಹತ್ತುತ್ತಾರೆ. ಮಾರಿಕುಪ್ಪಂನಿಂದ ಬೆಂಗಳೂರಿಗೆ. ಕತ್ತಲಲ್ಲಿ ಹೋಗುತ್ತಾರೆ, ಕತ್ತಲಲ್ಲಿ ಬರುತ್ತಾರೆ. ನನ್ನ ತಮ್ಮ ಇಪ್ಪತ್ತು ವರ್ಷ ಹಾಗೆ ಓಡಾಡಿದ. ನನ್ನ ಮಗ ಓಡಾಡಲಾರದೆ ಬೆಂಗಳೂರಿನಲ್ಲೇ ಮನೆ ಮಾಡಿದ. ಅದಕ್ಕೇ ಈಗ ಊರಿನ ಮನೆ ಖಾಲಿ ಮಾಡಿದೆವು.

ದೊರೆ ಊರು ಬಿಟ್ಟ ವರ್ಷ ತಿಳಿಯದು. ನಮ್ಮ ಅಪ್ಪ ಆಗ ಶಾಲೆಗೆ ಹೋಗುತ್ತಿದ್ದ ಹುಡುಗ, ಶಿವನಸಮುದ್ರದ ಕರೆಂಟು ಬಂದು ಬಹಳ ಕಾಲವಾಗಿತ್ತು, ದೇಶಕ್ಕೆ ಸ್ವಾತಂತ್ರ್ಯ ಬಂದಿರಲಿಲ್ಲ. ಅಪ್ಪ ಹುಟ್ಟಿದ್ದು 1929. ಇಷ್ಟರಲ್ಲಿ ನೀವೇ ಲೆಕ್ಕ ಹಾಕಿ.

ಇವತ್ತು ಡಬ್ಬಿಯನ್ನು ಮತ್ತೆ ತೊಳೆದೆ. ತಳ ಉಜ್ಜಿರಲಿಲ್ಲ. ಅಲ್ಲೂ ಗೀಟು ಕಾಣಿಸಿತು. ಅಕ್ಷರವಲ್ಲ, ನಾಲ್ಕು ಅಂಕಿಗಳು. ತಾತನ ಗಣಿ ನಂಬರ್. ದೊರೆ ಕೊಟ್ಟ ಮೇಲೆ ತಾತನೇ ಕೊರೆದಿರಬೇಕು. ಅವರಿಗೆ ಓದು ಬರಹ ಬರುತ್ತಿರಲಿಲ್ಲ, ಆ ನಾಲ್ಕು ಅಂಕಿ ಮಾತ್ರ ಬರುತ್ತಿತ್ತು.

ಫೋಟೋ ಎರಡೂ ಕಡೆಯದು ಕಳಿಸುತ್ತೇನೆ ಗೀತಾ. ಗ್ವೆನ್ನಾಪ್‌ನಲ್ಲಿ ಆ ಮನೆಯವರು ಯಾರಾದರೂ ಸಿಕ್ಕರೆ ಮುಚ್ಚಳ ತೋರಿಸಿ. ತಳವನ್ನೂ ತೋರಿಸಿ. ಅದು ಯಾರ ನಂಬರ್ ಅಂತ ಕೇಳಿದರೆ, ಮರ ಕಟ್ಟುತ್ತಿದ್ದವರದು, ಬೇತಮಂಗಲದ ಪಕ್ಕದವರು ಅಂತ ಹೇಳಿ.